ಪರ್ಷಿಯನ್ ಬೆಕ್ಕಿನ ಮೂಗು ಎಲ್ಲಿಗೆ ಹೋಯಿತು?

ಕ್ರಿ.ಶ. 1623ರ ನವೆಂಬರ್ ತಿಂಗಳಲ್ಲಿ ರೋಮ್ ನಗರದ ಶ್ರೀಮಂತ ಪ್ರವಾಸಿಯೊಬ್ಬ ಇಕ್ಕೇರಿಗೆ ಬಂದ. ಹೆಸರು ಪಿಯೆತ್ರೊ ದೆಲ್ಲಾ ವಲ್ಲೆ. ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆಯಲ್ಲಿ, ಬರೀ ದೇಶ ನೋಡುವ ಆಸೆಯಿಂದ, ಹೊನ್ನಾವರದ ಮಾರ್ಗವಾಗಿ ಗೇರುಸೊಪ್ಪೆಯ ಘಟ್ಟ ಹತ್ತಿ ಬಂದವನು ಅವನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆದು ಕಲಿಯುತ್ತಿದ್ದುದನ್ನು ಕಂಡು ಅದನ್ನು ವಿವರವಾಗಿ ಬರೆದಿಟ್ಟ. ಮುಂದೆ ಉಳ್ಳಾಲದ ರಾಣಿಯನ್ನೂ ಕಂಡು ಮಾತನಾಡಿಸಿದ. ನಮ್ಮ ನಾಡಿನ ಹದಿನೇಳನೆಯ ಶತಮಾನದ ಜನಜೀವನವನ್ನು ತಿಳಿಯಬೇಕೆನ್ನುವವರು ಇಂದಿಗೂ ಅವನ ಪತ್ರಗಳನ್ನು ತೆಗೆದು ನೋಡುತ್ತಾರೆ.

ಇದೇ ದೆಲ್ಲಾ ವಲ್ಲೆ ಇಕ್ಕೇರಿಗೆ ಬರುವ ಮೂರು ವರ್ಷ ಮೊದಲು, 1620ರಲ್ಲಿ, ಇರಾನಿನ ಇಸ್ಫಹಾನ್ ನಗರದಲ್ಲಿದ್ದ. ಅಲ್ಲಿಂದ ನೇಪಲ್ಸಿನ ತನ್ನ ವೈದ್ಯಮಿತ್ರನಿಗೆ ಬರೆದ ಪತ್ರವೊಂದರಲ್ಲಿ ಅರಮನೆ, ಯುದ್ಧ, ವ್ಯಾಪಾರಗಳ ನಡುವೆ ಬೆಕ್ಕಿನ ಮಾತು ಬರುತ್ತದೆ. ಇಲ್ಲಿ ಖೊರಾಸಾನ್ ಪ್ರಾಂತ್ಯದ ಒಂದು ಜಾತಿಯ ಬೆಕ್ಕು ಇದೆ, ಆಕಾರದಲ್ಲಿ ನಮ್ಮ ಮಾಮೂಲಿ ಬೆಕ್ಕಿನಂತೆಯೇ. ಸೊಗಸೆಲ್ಲ ಅದರ ಬಣ್ಣದಲ್ಲಿ ಮತ್ತು ಕೂದಲಿನಲ್ಲಿ ಎನ್ನುತ್ತಾನೆ. ಬಣ್ಣ ಬೂದು, ರೋಮ ರೇಷ್ಮೆಯಂತೆ ನುಣುಪು, ಬಾಲವನ್ನು ಅಳಿಲಿನ ಹಾಗೆ ಬೆನ್ನಿನ ಮೇಲೆ ಮಡಚಿಕೊಳ್ಳುತ್ತದೆ. ಪೋರ್ಚುಗೀಸರು ಇಂಥ ಬೆಕ್ಕುಗಳನ್ನು ಆಗಲೇ ಭಾರತಕ್ಕೂ ಒಯ್ದಿದ್ದರಂತೆ. ತಾನೂ ನಾಲ್ಕು ಜೋಡಿಗಳನ್ನು ರೋಮಿಗೆ ಒಯ್ಯಬೇಕೆಂದಿದ್ದೇನೆ ಎಂಬುದು ಅವನ ಯೋಜನೆ. ಇಂಥ ಯೋಜನೆ ಅವನಿಗೆ ಅಸಾಧ್ಯವೆನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. 1621ರ ಕೊನೆಯಲ್ಲಿ ಇರಾನಿನಲ್ಲಿ ತೀರಿಕೊಂಡ ತನ್ನ ಹೆಂಡತಿ ಮಾನಿಯ ದೇಹಕ್ಕೆ ಲೇಪನ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಸಮುದ್ರ ಮರುಭೂಮಿಗಳನ್ನು ದಾಟಿಸಿ 1626ರಲ್ಲಿ ರೋಮಿಗೆ ತಲುಪಿಸಿದ ಮನುಷ್ಯ ಅವನು.

ಯುರೋಪಿನ ಓದುಬಲ್ಲ ಜನಕ್ಕೆ 'ಪರ್ಷಿಯಾದ ಬೆಕ್ಕು' ಎಂಬುದು ಪರಿಚಯವಾದದ್ದು ಬಹುಮಟ್ಟಿಗೆ ಈ ಪತ್ರದಿಂದಲೇ. ಅದರಲ್ಲಿ ನಾವು ಗಮನಿಸಬೇಕಾದ ಮಾತು ಒಂದೇ: ಆಕಾರದಲ್ಲಿ ಅದು ಮಾಮೂಲಿ ಬೆಕ್ಕು. ಎಂದರೆ ಅದಕ್ಕೆ ಎಲ್ಲ ಬೆಕ್ಕುಗಳಿಗಿರುವಂಥ ಮೂಗು ಇತ್ತು. ಈಗ ನಮ್ಮ ಯಾವುದಾದರೂ ದೊಡ್ಡ ಊರಿನ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ 'ಪರ್ಷಿಯನ್' ಎಂದು ಕೇಳಿ. ಹತ್ತಿಯ ಉಂಡೆಯಂತಹ ಒಂದು ಮರಿಯನ್ನು ತಂದು ಕೈಗಿಡುತ್ತಾರೆ. ಅದರ ಎರಡು ಕಣ್ಣುಗಳ ಮಧ್ಯೆ, ಇದ್ದೂ ಇಲ್ಲದಂತೆ, ಒತ್ತಿದ ಗುಂಡಿಯ ಹಾಗೆ ಮೂಗು ಕೂತಿರುತ್ತದೆ. ಈ ಬೆಕ್ಕಿನ ಸ್ವಭಾವ ಹೇಗೆ, ಆರೈಕೆ ಹೇಗೆ ಎಂದು ಕೇಳಿ ನಮ್ಮ ಕಾರ್ಯಕ್ರಮ ವಿಭಾಗಕ್ಕೆ ಪತ್ರಗಳು ಬರುವುದುಂಟು. ಉತ್ತರ ಬರೆಯಲು ಕೂತಾಗಲೆಲ್ಲ ನನಗೆ ಅನ್ನಿಸುವುದು, ಈ ಎರಡು ಪ್ರಶ್ನೆಗಳಿಗೂ ಉತ್ತರ ಚರಿತ್ರೆಯಲ್ಲಿ ಇದೆ ಎಂದು. ಆದ್ದರಿಂದ ಮೊದಲು ಚರಿತ್ರೆಯನ್ನೇ ನೋಡೋಣ.

ಉದ್ದ ಕೂದಲು ಏಕೆ ಬಂತು? ಬೆಕ್ಕಿನ ಕೂದಲು ಬೆಳೆಯುವುದು ಸರದಿಯ ಪ್ರಕಾರ. ಸ್ವಲ್ಪ ಕಾಲ ಬೆಳವಣಿಗೆ, ಆಮೇಲೆ ನಿಲುಗಡೆ, ಆಮೇಲೆ ಉದುರುವುದು. 'ಸಾಕು, ನಿಲ್ಲಿಸು' ಎಂದು ಕೂದಲಿನ ಬುಡಕ್ಕೆ ಸೂಚನೆ ಕೊಡುವ ಒಂದು ಪ್ರೋಟೀನು ಇದೆ. ಅದನ್ನು ತಯಾರಿಸುವ ವಂಶವಾಹಿಗೆ ಎಫ್‌ಜಿಎಫ್5 ಎಂದು ಹೆಸರು. ಈ ವಂಶವಾಹಿ ಕೆಟ್ಟರೆ ಸೂಚನೆ ತಲುಪುವುದಿಲ್ಲ, ಕೂದಲು ಬೆಳೆಯುತ್ತಲೇ ಹೋಗುತ್ತದೆ. ಬ್ರೇಕು ಕೆಟ್ಟ ಬಂಡಿ ಎಂದುಕೊಳ್ಳಿ. ಬೆಕ್ಕುಗಳಲ್ಲಿ ಈ ಬ್ರೇಕು ನಾಲ್ಕು ಬೇರೆ ಬೇರೆ ರೀತಿಗಳಲ್ಲಿ ಕೆಟ್ಟಿರುವುದನ್ನು ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಅವುಗಳಲ್ಲಿ ಒಂದು ಮಾರ್ಪಾಟು ಉದ್ದಗೂದಲಿನ ಎಲ್ಲ ತಳಿಗಳಲ್ಲೂ ಸಿಕ್ಕಿದೆ. ಪರ್ಷಿಯನ್ನಿನಲ್ಲಿ ಇರುವುದೂ ಅದೇ. ಇದು ಅಪ್ರಬಲ ಗುಣ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಕೆಟ್ಟ ಪ್ರತಿಗಳು ಸೇರಿದರೆ ಮಾತ್ರ ಮರಿಗೆ ಉದ್ದ ಕೂದಲು ಬರುತ್ತದೆ. ಗಿಡ್ಡ ಕೂದಲಿನ ತಂದೆತಾಯಿಗಳಿಗೆ ಒಮ್ಮೊಮ್ಮೆ ಉದ್ದ ಕೂದಲಿನ ಮರಿ ಹುಟ್ಟುವುದು ಹೀಗೆ.

ಇಂಥ ಕೆಡುಕು ಬಿಸಿಲುನಾಡಿನಲ್ಲಿ ಬೆಕ್ಕಿಗೆ ಹೊರೆ. ಇರಾನ್, ತುರ್ಕಿ, ಆಫ್ಘಾನಿಸ್ತಾನಗಳ ಎತ್ತರದ ಚಳಿ ಪ್ರದೇಶಗಳಲ್ಲಿ ಅದು ಕಂಬಳಿಯಾಗಿ ಒದಗಿರಬೇಕು. ತುರ್ಕಿಯ ಅಂಕಾರಾ ನಗರದ ಹಳೆಯ ಹೆಸರು ಅಂಗೋರಾ. ಅಂಗೋರಾ ಮೇಕೆ, ಅಂಗೋರಾ ಮೊಲ, ಅಂಗೋರಾ ಬೆಕ್ಕು ಎಂದು ಮೂರು ಪ್ರಾಣಿಗಳು ಆ ಊರಿನ ಹೆಸರನ್ನು ಹೊತ್ತಿವೆ. ಮೂರೂ ಕೂದಲಿಗಾಗಿಯೇ ಹೆಸರಾದವು. ದೆಲ್ಲಾ ವಲ್ಲೆಯ ಸಮಕಾಲೀನನಾದ ಫ್ರಾನ್ಸಿನ ವಿದ್ವಾಂಸ ಪೈರೆಸ್ಕ್ ಪೂರ್ವದೇಶಗಳಿಂದ ಇಂಥ ಬೆಕ್ಕುಗಳನ್ನು ತರಿಸಿಕೊಂಡು ಸಾಕಿದ. ತನ್ನ ಪುಸ್ತಕಗಳನ್ನು ಇಲಿಗಳಿಂದ ಕಾಯಲು ಅವು ಬೇಕಾಗಿದ್ದವು. ಹುಟ್ಟಿದ ಮರಿಗಳು ದೊಡ್ಡವರಿಗೆ ಕೊಡುವ ಉಡುಗೊರೆಗಳಾದವು. ರೇಷ್ಮೆಗೂದಲಿನ ಈ ಪ್ರಾಣಿ ಆಗ ಇನ್ನೂ ಇಲಿ ಹಿಡಿಯುವ ಕೆಲಸ ಮಾಡುತ್ತಿತ್ತು ಎಂಬುದನ್ನು ಮರೆಯಬಾರದು. ನೂರು ವರ್ಷ ಕಳೆಯುವುದರೊಳಗೆ ಅದು ಅರಮನೆಯ ದಿಂಬಿನ ಮೇಲೆ ಏರಿತು. 1761ರಲ್ಲಿ ಬಾಶೆಲಿಯೆ ಎಂಬ ಕಲಾವಿದ ಬಿಳಿಯ ಅಂಗೋರಾ ಬೆಕ್ಕೊಂದು ಚಿಟ್ಟೆಯನ್ನು ಹೊಂಚುವ ಚಿತ್ರ ಬರೆದ. ಆ ಚಿತ್ರದ ಬೆಕ್ಕಿಗೂ ಮೂಗು ಸರಿಯಾಗಿಯೇ ಇದೆ.

ಈ ಹೊತ್ತಿಗೆ ಹೆಸರಿನ ಗೊಂದಲ ಪ್ರಾರಂಭವಾಗಿತ್ತು. ಆಗಿನ ಪ್ರಸಿದ್ಧ ಪ್ರಕೃತಿಶಾಸ್ತ್ರಜ್ಞ ಬುಫಾನ್ 1756ರಲ್ಲಿ ಬೆಕ್ಕಿನ ಬಗ್ಗೆ ಬರೆಯುವಾಗ ದೆಲ್ಲಾ ವಲ್ಲೆಯ ಪತ್ರವನ್ನು ಎತ್ತಿಕೊಂಡು, ಅಂಗೋರಾದ ಬೆಕ್ಕಿಗೂ ಖೊರಾಸಾನಿನ ಬೆಕ್ಕಿಗೂ ಬಣ್ಣ ಬಿಟ್ಟರೆ ಹೆಚ್ಚು ಭೇದವಿಲ್ಲ ಎಂದ. ಇನ್ನೂ ಸ್ವಾರಸ್ಯದ ಸಾಕ್ಷಿ ನಮ್ಮ ಕಡೆಯದು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1815ರಲ್ಲಿ ಪ್ರಕಟಿಸಿದ ಕಾಬೂಲ್ ರಾಜ್ಯದ ವರ್ಣನೆಯಲ್ಲಿ ಅಲ್ಲಿನ ಉದ್ದಗೂದಲಿನ ಬೆಕ್ಕುಗಳ ಮಾತಿದೆ. 'ಬುರಾಕ್' ಎಂದು ಕರೆಯಲಾಗುತ್ತಿದ್ದ ಇವು ಕಾಬೂಲ್ ಸೀಮೆಯಿಂದ ಬಹುಸಂಖ್ಯೆಯಲ್ಲಿ ರಫ್ತಾಗುತ್ತಿದ್ದವು. ಎಲ್ಲ ಕಡೆ ಜನ ಅವನ್ನು ಪರ್ಷಿಯನ್ ಬೆಕ್ಕು ಎನ್ನುತ್ತಿದ್ದರು. ಆದರೆ ಪರ್ಷಿಯಾದಲ್ಲಿ ಅವು ಹೆಚ್ಚಾಗಿ ಇರಲೂ ಇಲ್ಲ, ಅಲ್ಲಿಂದ ಹೊರಗೆ ಹೋಗುತ್ತಲೂ ಇರಲಿಲ್ಲ ಎಂದು ಎಲ್ಫಿನ್‌ಸ್ಟನ್ ಸ್ಪಷ್ಟಪಡಿಸುತ್ತಾನೆ. ಎಂದರೆ ಇನ್ನೂರು ವರ್ಷಗಳ ಹಿಂದೆಯೇ 'ಪರ್ಷಿಯನ್' ಎಂಬುದು ಊರಿನ ಗುರುತಾಗಿರದೆ ವ್ಯಾಪಾರದ ಮುದ್ರೆಯಾಗಿತ್ತು. ನಮ್ಮಲ್ಲಿ ಎಲ್ಲಿಯೋ ನೇಯ್ದ ಸೀರೆ ಇನ್ನೆಲ್ಲಿಯದೋ ಹೆಸರಿನಲ್ಲಿ ಮಾರಾಟವಾಗುವುದಿಲ್ಲವೆ, ಹಾಗೆ.

ಆದರೆ ಈ ಬೆಕ್ಕಿನ ನಿಜವಾದ ತವರುಮನೆ ಇಸ್ಫಹಾನೂ ಅಲ್ಲ, ಕಾಬೂಲೂ ಅಲ್ಲ, ಲಂಡನ್. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಭವನದಲ್ಲಿ ಒಂದು ಬೆಕ್ಕಿನ ಪ್ರದರ್ಶನ ನಡೆಯಿತು. ಏರ್ಪಡಿಸಿದವನು ಹ್ಯಾರಿಸನ್ ವಿಯರ್, ಪುಸ್ತಕಗಳಿಗೆ ಪ್ರಾಣಿಗಳ ಚಿತ್ರ ಬರೆಯುತ್ತಿದ್ದ ಕಲಾವಿದ. ಅವನ ಉದ್ದೇಶ ಒಳ್ಳೆಯದೇ. ಬೀದಿಯಲ್ಲಿ ಕಲ್ಲೇಟು ತಿನ್ನುತ್ತಿದ್ದ, ಅಡುಗೆಮನೆಯಲ್ಲಿ ಇಲಿಯ ಕಾವಲಿಗೆ ಮಾತ್ರ ಇಟ್ಟುಕೊಳ್ಳುತ್ತಿದ್ದ ಬೆಕ್ಕಿಗೆ ಒಂದಿಷ್ಟು ಗೌರವ ಸಿಗಲಿ, ಜನ ಅದನ್ನು ಕರುಣೆಯಿಂದ ಕಾಣಲಿ ಎಂಬ ಆಸೆ. ನೂರೆಪ್ಪತ್ತರಷ್ಟು ಬೆಕ್ಕುಗಳು ಬಂದವು. ನೋಡಲು ಜನ ಮುಗಿಬಿದ್ದರು. 1887ರಲ್ಲಿ ರಾಷ್ಟ್ರೀಯ ಬೆಕ್ಕು ಸಂಘ ಪ್ರಾರಂಭವಾಯಿತು, ವಿಯರ್ ಅದರ ಮೊದಲ ಅಧ್ಯಕ್ಷ. 1889ರಲ್ಲಿ ಅವನ ಪುಸ್ತಕ ಹೊರಬಂತು.

ಪ್ರದರ್ಶನ ಎಂದ ಮೇಲೆ ಬಹುಮಾನ ಬೇಕು. ಬಹುಮಾನ ಎಂದ ಮೇಲೆ ತೀರ್ಪಿಗೆ ಒಂದು ಅಳತೆ ಬೇಕು. ತಲೆಗೆ ಇಷ್ಟು ಅಂಕ, ಕಣ್ಣಿಗೆ ಇಷ್ಟು, ಕೂದಲಿಗೆ ಇಷ್ಟು, ಬಾಲಕ್ಕೆ ಇಷ್ಟು ಎಂದು ವಿಯರ್ ಪಟ್ಟಿ ಮಾಡಿದ. ಅವನ ಪುಸ್ತಕದಲ್ಲಿ ಅಂಗೋರಾ ಬೇರೆ, ಪರ್ಷಿಯನ್ ಬೇರೆ, ರಷ್ಯದ ಉದ್ದಗೂದಲಿನ ಬೆಕ್ಕು ಬೇರೆ. ಪರ್ಷಿಯನ್ನಿನ ತಲೆ ಅಂಗೋರಾದ ತಲೆಗಿಂತ ದೊಡ್ಡದು, ಕಿವಿಗಳು ಅಷ್ಟು ಚೂಪಲ್ಲ. ಭೇದವೆಂದರೆ ಇಷ್ಟೇ. ಆದರೆ ಪೈಪೋಟಿಗೆ ಬಿದ್ದ ಸಾಕಣೆಗಾರರು ಈ ಮೂರನ್ನೂ ಒಂದಕ್ಕೊಂದು ಕೂಡಿಸಿ, ಊರಿನ ಬೆಕ್ಕುಗಳನ್ನೂ ಬೆರೆಸಿ ಬೇಕಾದ ರೂಪಕ್ಕೆ ತಂದರು. ದೊಡ್ಡ ತಲೆ ಗೆದ್ದಿತು, ಗುಂಡು ಮುಖ ಗೆದ್ದಿತು. 1903ರಲ್ಲಿ ಫ್ರಾನ್ಸೆಸ್ ಸಿಂಪ್ಸನ್ ಎಂಬ ಮಹಿಳೆ ಬೆಕ್ಕಿನ ಬಗ್ಗೆ ಬೃಹತ್ ಗ್ರಂಥ ಬರೆಯುವ ವೇಳೆಗೆ ಅಂಗೋರಾ ಪರ್ಷಿಯನ್‌ಗಳ ಭೇದ ಹೆಕ್ಕಿ ತೆಗೆಯಲಾರದಷ್ಟು ಸೂಕ್ಷ್ಮವಾಗಿತ್ತು. ಆಕೆ ಎರಡನ್ನೂ ಒಂದೇ ಹೆಸರಿನಡಿ ಸೇರಿಸಿಬಿಟ್ಟರು. ವಿಕ್ಟೋರಿಯಾ ರಾಣಿಯ ಮನೆಯಲ್ಲಿಯೂ ಪರ್ಷಿಯನ್ ಬೆಕ್ಕುಗಳಿದ್ದವು ಎಂದ ಮೇಲೆ ಸಿರಿವಂತರ ಮನೆಗಳ ಮಾತು ಹೇಳುವಂತಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಸಿರಿವಂತ ಮಹಿಳೆಯೊಬ್ಬರು ತಮ್ಮ ಬೆಕ್ಕುಗಳ ಗುಂಪುಚಿತ್ರವನ್ನೇ ಬರೆಸಿದರು. 42 ಬೆಕ್ಕುಗಳಿರುವ ಆ ದೊಡ್ಡ ತೈಲಚಿತ್ರ 2015ರ ಹರಾಜಿನಲ್ಲಿ 8 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು.

ಪ್ರದರ್ಶನದ ಪಿತಾಮಹನ ಕಥೆ ಏನಾಯಿತು? ಸಂಘದ ಸದಸ್ಯರಿಗೆ ಬೆಕ್ಕಿನ ಕ್ಷೇಮಕ್ಕಿಂತ ಬಹುಮಾನದ ರಿಬ್ಬನ್ನುಗಳೇ ಮುಖ್ಯವಾಗಿವೆ ಎಂದು ಬೇಸತ್ತು ವಿಯರ್ ಕೆಲವೇ ವರ್ಷಗಳಲ್ಲಿ ಅಧ್ಯಕ್ಷ ಸ್ಥಾನವನ್ನು ಬಿಟ್ಟ. ಅವನು ಕಂಡದ್ದು ಪ್ರಾರಂಭ ಮಾತ್ರ.

ಇಪ್ಪತ್ತನೆಯ ಶತಮಾನದಲ್ಲಿ ಕೆಲಸ ಅಮೆರಿಕಕ್ಕೆ ದಾಟಿತು. 1930ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಕ್ಲೈಡ್ ಕೀಲರ್ ಮತ್ತು ವರ್ಜೀನಿಯಾ ಕಾಬ್ ಸಯಾಮಿ ಬೆಕ್ಕನ್ನೂ ಪರ್ಷಿಯನ್ನನ್ನೂ ಕೂಡಿಸಿ ನೋಡಿದರು. ಸಯಾಮಿಯ ಮುಖ, ಕಿವಿ, ಪಾದ, ಬಾಲಗಳು ಕಪ್ಪಾಗಿ ಉಳಿದ ಮೈ ತಿಳಿಯಾಗಿರುವುದು ಎಲ್ಲರಿಗೂ ಗೊತ್ತು. ಅದರ ಬಣ್ಣ ತಯಾರಿಸುವ ಕಿಣ್ವ ಮೈ ಬೆಚ್ಚಗಿರುವ ಕಡೆ ಕೆಲಸ ಮಾಡುವುದಿಲ್ಲ, ತಣ್ಣಗಿರುವ ತುದಿಗಳಲ್ಲಿ ಮಾತ್ರ ಮಾಡುತ್ತದೆ. ಪ್ರಯೋಗದ ಗುರಿ ವಂಶವಾಹಿಗಳ ನಡೆಯನ್ನು ತಿಳಿಯುವುದು. 1935ರಲ್ಲಿ ಉದ್ದ ಕೂದಲೂ ಸಯಾಮಿ ಬಣ್ಣವೂ ಇರುವ ಮರಿ ಸಿಕ್ಕಿತು. ಮುಂದೆ ಇದೇ ಮಾದರಿಯನ್ನು ಸಾಕಣೆಗಾರರು ಒಂದು ತಳಿಯಾಗಿ ಬೆಳೆಸಿ 'ಹಿಮಾಲಯನ್' ಎಂದು ಕರೆದರು. ಹಿಮಾಲಯಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅಂಥದ್ದೇ ಬಣ್ಣದ ಒಂದು ಮೊಲದ ಹೆಸರನ್ನು ಬೆಕ್ಕಿಗೆ ಇಟ್ಟರು, ಅಷ್ಟೆ. ಈ ಬೆಕ್ಕಿನ ವಂಶದಲ್ಲಿ ಹೆಸರುಗಳನ್ನು ನಂಬಬಾರದು ಎಂಬುದಕ್ಕೆ ಇದು ಇನ್ನೊಂದು ಉದಾಹರಣೆ.

ಮೂಗಿನ ಮಾತಿಗೆ ಬರೋಣ. ಕೆಂಪು ಬಣ್ಣದ ಪರ್ಷಿಯನ್ ಮರಿಗಳಲ್ಲಿ ಕೆಲವು ಚಪ್ಪಟೆ ಮುಖದವು ಹುಟ್ಟುತ್ತಿದ್ದವು. ಪೆಕಿಂಗೀಸ್ ಎಂಬ ಚೀನಾ ನಾಯಿಯ ಮುಖವನ್ನು ಹೋಲುತ್ತಿದ್ದುದರಿಂದ ಇವಕ್ಕೆ 'ಪೀಕ್‌ಫೇಸ್' ಎಂದು ಹೆಸರು ಬಿತ್ತು. ಅಮೆರಿಕದ ಪ್ರದರ್ಶನಗಳಲ್ಲಿ ತೀರ್ಪುಗಾರರಿಗೆ ಅದು ಹಿಡಿಸಿತು. ಬಹುಮಾನ ಪಡೆದ ಗಂಡುಬೆಕ್ಕಿಗೆ ಬೇಡಿಕೆ ಹೆಚ್ಚು, ಅದರ ಸಂತಾನ ಹೆಚ್ಚು. ತಲೆಮಾರಿನಿಂದ ತಲೆಮಾರಿಗೆ ಮೂಗು ಒಳಕ್ಕೆ, ಮೇಲಕ್ಕೆ ಸರಿಯಿತು. ಸಿಂಪ್ಸನ್ನರ 1903ರ ಪುಸ್ತಕದ ಫೋಟೋಗಳನ್ನೂ ಇತ್ತೀಚಿನ ದಶಕಗಳ ಚಾಂಪಿಯನ್ ಬೆಕ್ಕುಗಳ ಫೋಟೋಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಎರಡೂ ಒಂದೇ ತಳಿಯೆಂದು ಒಪ್ಪುವುದು ಕಷ್ಟ. ನೂರು ವರ್ಷ ಎಂದರೆ ಪ್ರಕೃತಿಯ ಲೆಕ್ಕದಲ್ಲಿ ಕಣ್ಣು ಮಿಟುಕಿಸುವ ಹೊತ್ತು. ಈ ಮಾರ್ಪಾಟು ಮನುಷ್ಯನ ಕೈಯದು.

ಇದೆಲ್ಲಕ್ಕೂ ಪ್ರಯೋಗಾಲಯದ ಷರಾ ಬಿದ್ದದ್ದು 2008ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ಜಗತ್ತಿನ ನಾನಾ ಕಡೆಯ ಬೀದಿಬೆಕ್ಕುಗಳ ಮತ್ತು ತಳಿಬೆಕ್ಕುಗಳ ಡಿಎನ್‌ಎಯನ್ನು ಹೋಲಿಸಿ ನೋಡಿದರು. ತುರ್ಕಿಯ ಅಂಗೋರಾ ತನ್ನ ಸೀಮೆಯ ಬೆಕ್ಕುಗಳ ಪಕ್ಕದಲ್ಲೇ ನಿಂತಿತು. ಪರ್ಷಿಯನ್ ಮಾತ್ರ ಪೂರ್ವದೇಶಗಳ ಬೆಕ್ಕುಗಳ ಜೊತೆಗೆ ಸೇರಲಿಲ್ಲ. ಪಶ್ಚಿಮ ಯುರೋಪಿನ ಬೆಕ್ಕುಗಳ ಗುಂಪಿಗೆ ಹೋಯಿತು. ದೆಲ್ಲಾ ವಲ್ಲೆ ಕಂಡ ಬೆಕ್ಕಿನಿಂದ ಉಳಿದಿರುವುದು ಹೆಸರು ಮತ್ತು ಕೂದಲು. ಉಳಿದ ಮೈಯೆಲ್ಲ ಯುರೋಪಿನ ಮಾಮೂಲಿ ಬೆಕ್ಕಿನದು.

ಈಗ ಸ್ವಭಾವ. ಪರ್ಷಿಯನ್ ಶಾಂತ, ಗಂಭೀರ, ನೆಗೆದಾಟವಿಲ್ಲ, ಕೂಗಾಟವಿಲ್ಲ, ಇಟ್ಟಲ್ಲಿ ಇರುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಸಾಕಿದವರೂ ಹಾಗೆಯೇ ಹೇಳುತ್ತಾರೆ. ಸುಳ್ಳಲ್ಲ. ಬೆಕ್ಕಿನ ಸ್ವಭಾವದಲ್ಲಿ ವಂಶದ ಪಾಲು ಗಣನೀಯ ಎಂಬುದನ್ನು ಫಿನ್‌ಲೆಂಡಿನಲ್ಲಿ 5,700ಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಮಾಡಿದ ಅಧ್ಯಯನ 2019ರಲ್ಲಿ ತೋರಿಸಿತು. ಇದರ ಜೊತೆಗೆ ಎಳೆತನದ ಪಾಲೂ ಇದೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಜೀವನಪೂರ್ತಿ ಮನುಷ್ಯರನ್ನು ನಂಬುತ್ತದೆ. ಆ ಅವಧಿ ತಪ್ಪಿದರೆ ಯಾವ ತಳಿಯಾದರೂ ಅಂಜುಬುರುಕಾಗಬಹುದು. ಇಷ್ಟನ್ನು ಒಪ್ಪಿಕೊಂಡು ಒಂದು ಪ್ರಶ್ನೆ ಕೇಳಬೇಕಾಗಿದೆ. ಈ ಶಾಂತಿ ಸ್ವಭಾವವೋ, ಸುಸ್ತೋ?

ಪ್ರಶ್ನೆ ಕುಚೋದ್ಯದ್ದಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಕ್ಕುಗಳ ಮುಖದ ಅಳತೆಯನ್ನು ಅವುಗಳ ಉಸಿರಾಟದ ಜೊತೆಗೆ ತಾಳೆ ನೋಡಿದರು. ಮುಖ ಚಪ್ಪಟೆಯಾದಷ್ಟೂ ಉಸಿರಾಟದ ತೊಂದರೆ ಹೆಚ್ಚು, ಓಡಾಟ ಕಡಿಮೆ ಎಂದು ಕಂಡುಬಂತು. ಮೂಗಿನ ಹೊಳ್ಳೆ ಕಿರಿದು, ಒಳಗಿನ ದಾರಿ ಇಕ್ಕಟ್ಟು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬರುವ ಪ್ರಾಣಿ ಕುಳಿತಲ್ಲಿ ಕುಳಿತಿರುವುದು ಸಹಜ. ಅದನ್ನು ನಾವು ಗಾಂಭೀರ್ಯ ಎಂದು ಕರೆಯುತ್ತೇವೆ. ಮಲಗಿದಾಗ ಗೊರಕೆ ಹೊಡೆದರೆ ಮುದ್ದು ಎನ್ನುತ್ತೇವೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಈ ಬಾರಿ ಬೆಕ್ಕು ಇಲಿಯ ಜಾಗದಲ್ಲಿದೆ.

ಇನ್ನೂ ಒಂದು ಸಂಗತಿ ಇದೆ. ಮನಸ್ಸಿಗೆ ಬಹಳ ಹತ್ತಿದ್ದು. ನೋವಿನಲ್ಲಿರುವ ಬೆಕ್ಕು ಮುಖ ಕಿವುಚುತ್ತದೆ, ಕಣ್ಣು ಕಿರಿದು ಮಾಡುತ್ತದೆ. ವೈದ್ಯರು ಅದನ್ನು ನೋಡಿ ನೋವಿನ ಅಂದಾಜು ಮಾಡುತ್ತಾರೆ. ಹಲವು ತಳಿಗಳ ಬೆಕ್ಕುಗಳ ಮುಖಗಳನ್ನು ಕಂಪ್ಯೂಟರಿನಲ್ಲಿ ಅಳೆದ ವಿಜ್ಞಾನಿಗಳು 2020ರಲ್ಲಿ ಹೇಳಿದ್ದೇನೆಂದರೆ, ಚಪ್ಪಟೆ ಮುಖದ ಕೆಲವು ತಳಿಗಳ ಆರೋಗ್ಯವಂತ ಬೆಕ್ಕುಗಳ ಮುಖ ಸುಮ್ಮನಿದ್ದಾಗಲೂ ನೋವುಂಡ ಮುಖದಂತೆ ತೋರುತ್ತದೆ. ಹಾಗಿದ್ದಲ್ಲಿ ನಿಜವಾಗಿ ನೋವಾದಾಗ ಅದನ್ನು ಕಂಡುಹಿಡಿಯುವುದು ಹೇಗೆ? ಮಾತು ಬಾರದ ಪ್ರಾಣಿಗೆ ನೋವು ಹೇಳಿಕೊಳ್ಳಲು ಇದ್ದ ಸಾಧನಗಳಲ್ಲಿ ಒಂದನ್ನು ನಾವು ಅಂದದ ಹೆಸರಿನಲ್ಲಿ ಅಳಿಸಿದ್ದೇವೆ.

ಇದರಲ್ಲಿ ನಾನು ದುಡಿಯುತ್ತಿರುವ ಮಾಧ್ಯಮದ ಪಾಲನ್ನೂ ಹೇಳಬೇಕು. ಚಪ್ಪಟೆ ಮುಖ, ದುಂಡು ಕಣ್ಣು, ಅಗಲ ಹಣೆ ಇವು ಕ್ಯಾಮೆರಾಕ್ಕೆ ಅಚ್ಚುಮೆಚ್ಚು. ಹತ್ತಿರದ ಚಿತ್ರಣದಲ್ಲಿ ಪರದೆಯ ಚೌಕಟ್ಟನ್ನು ಪೂರ್ತಿ ತುಂಬುವ ಮುಖ ಅದು. ಮನುಷ್ಯಶಿಶುವಿನ ಮುಖದ ಅಳತೆಗೆ ಹತ್ತಿರ. 1963ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಮುಖ ತೋರಿಸದ ಖಳನಾಯಕನ ತೊಡೆಯ ಮೇಲೆ ಕುಳಿತ ಬಿಳಿಯ ಉದ್ದಗೂದಲಿನ ಬೆಕ್ಕನ್ನು ನೋಡಿದ ಮೇಲೆ, ಸಿರಿವಂತನ ಕೋಣೆ ತೋರಿಸಬೇಕಾದಾಗಲೆಲ್ಲ ನಿರ್ದೇಶಕರಿಗೆ ಅಂಥ ಬೆಕ್ಕು ನೆನಪಾಗುತ್ತದೆ. ನಮ್ಮ ದೇಶದಲ್ಲಿ 2003ರಲ್ಲಿ ಒಂದು ಮೊಬೈಲ್ ಜಾಹೀರಾತಿನಲ್ಲಿ ಪಗ್ ನಾಯಿ ಬಂದ ಮೇಲೆ ಆ ನಾಯಿಗೆ ಎಂಥ ಬೇಡಿಕೆ ಬಂತೆಂದು ಓದುಗರಿಗೆ ನೆನಪಿರಬಹುದು. ಅದೂ ಮೂಗಿಲ್ಲದ ತಳಿಯೇ.

ಆರೈಕೆಯ ವಿಷಯಕ್ಕೆ ಬರೋಣ. ಸಾಧಾರಣ ಬೆಕ್ಕು ಎಚ್ಚರವಿರುವ ಹೊತ್ತಿನ ದೊಡ್ಡ ಭಾಗವನ್ನು ಮೈ ನೆಕ್ಕಿಕೊಳ್ಳುವುದರಲ್ಲಿ ಕಳೆಯುತ್ತದೆ. ಅದರ ನಾಲಗೆಯ ಮೇಲಿನ ಗಡುಸು ಮುಳ್ಳುಗಳೇ ಬಾಚಣಿಗೆ. ಪರ್ಷಿಯನ್ನಿನ ಕೂದಲಿಗೆ ಈ ಬಾಚಣಿಗೆ ಸಾಲದು. ಒಳಗಿನ ನಯವಾದ ಎಳೆಗಳು ಹೊರಗಿನ ಎಳೆಗಳಿಗೆ ಸಿಕ್ಕಿಕೊಂಡು ಗಂಟಾಗುತ್ತವೆ, ಗಂಟು ಬಿಗಿದು ಚರ್ಮವನ್ನು ಎಳೆಯುತ್ತದೆ, ಎಳೆದಲ್ಲಿ ಹುಣ್ಣಾಗುತ್ತದೆ. ಆದ್ದರಿಂದ ದಿನವೂ ಬಾಚಬೇಕು. ವಾರಕ್ಕೊಮ್ಮೆ ಬಾಚಿದರೆ ಸಾಲದೆ ಎಂದು ಕೇಳುವವರಿಗೆ ನನ್ನ ಉತ್ತರ: ಸಾಲದು, ಬೇರೆ ಬೆಕ್ಕು ಸಾಕಿ. ಅಗಲ ಹಲ್ಲಿನ ಲೋಹದ ಬಾಚಣಿಗೆ ಒಳ್ಳೆಯದು. ಬೆನ್ನನ್ನು ಎಲ್ಲರೂ ಬಾಚುತ್ತಾರೆ; ಗಂಟು ಕಟ್ಟುವುದು ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಅಡಿ, ಹಿಂಗಾಲುಗಳ ಸಂದಿಯಲ್ಲಿ. ಗಂಟನ್ನು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ಬೆಕ್ಕಿನ ಚರ್ಮ ಗಂಟಿನ ಜೊತೆಗೇ ಮೇಲಕ್ಕೆ ಬರುತ್ತದೆ. ಬೆರಳಿನಿಂದ ಬಿಡಿಸಬೇಕು, ಆಗದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಬಾಚುವಾಗ ಉದುರಿದ ಕೂದಲು ಬಾಚಣಿಗೆಗೆ ಬರದಿದ್ದರೆ ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ, ಉಂಡೆಯಾಗಿ ವಾಂತಿಯಲ್ಲಿ ಬರುತ್ತದೆ. ಮೈಮೇಲೆ ದುಂಡಗೆ ಕೂದಲು ಉದುರಿದ ಮಚ್ಚೆ ಕಂಡರೆ ಅಲಕ್ಷ್ಯ ಮಾಡಬಾರದು. ಅದು ಹುಳುಕಡ್ಡಿ ಇರಬಹುದು. ಉದ್ದಗೂದಲಿನ ಬೆಕ್ಕುಗಳಲ್ಲಿ ಸಾಮಾನ್ಯ, ಮನೆಯ ಮಕ್ಕಳಿಗೂ ಅಂಟುತ್ತದೆ.

ಮುಖ ಚಪ್ಪಟೆಯಾದಾಗ ಕಣ್ಣಿನಿಂದ ಮೂಗಿಗೆ ನೀರು ಇಳಿಸುವ ನಾಳವೂ ಸೊಟ್ಟಗಾಗುತ್ತದೆ. ನೀರು ಹೊರಗೆ ಹರಿದು ಕೆನ್ನೆಯ ಕೂದಲಿಗೆ ಕಂದು ಕಲೆ ಹಿಡಿಸುತ್ತದೆ. ಬೆಳಿಗ್ಗೆ ಸಂಜೆ ಶುದ್ಧ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಪ್ರತಿ ಕಣ್ಣಿಗೆ ಬೇರೆ ಬೇರೆ ಬಟ್ಟೆ. ದವಡೆ ಗಿಡ್ಡವಾದುದರಿಂದ ಹಲ್ಲುಗಳು ಒಂದರ ಮೇಲೊಂದು ಬೆಳೆಯುತ್ತವೆ. ಆಳದ ಬಟ್ಟಲಿನಿಂದ ತಿನ್ನುವುದು ಕಷ್ಟ. ಅಗಲ ತಟ್ಟೆ ಇಡಿ.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಭ್ರಮೆ ಬೇರೂರಿದೆ. ಬೆಕ್ಕಿಗೆ ಹಾಲನ್ನ ಹಾಕಿದರೆ ಆಯಿತು ಎಂದು. ಬೀದಿಬೆಕ್ಕು ನಮ್ಮ ಹಾಲನ್ನ ತಿಂದು, ಬಾಕಿಯನ್ನು ಹಿತ್ತಿಲಿನಲ್ಲಿ ಇಲಿ ಹಲ್ಲಿ ಹಿಡಿದು ಸರಿದೂಗಿಸಿಕೊಳ್ಳುತ್ತದೆ. ಮೂರನೆಯ ಮಹಡಿಯ ಮನೆಯಲ್ಲಿ ಕೂಡಿಹಾಕಿದ ಪರ್ಷಿಯನ್ನಿಗೆ ಆ ದಾರಿಯಿಲ್ಲ. ಬೆಕ್ಕು ಮಾಂಸಾಹಾರಿಯೇ, ಅದರಲ್ಲಿ ರಾಜಿಯಿಲ್ಲ. ಟಾರಿನ್ ಎಂಬ ವಸ್ತುವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸದಿಂದ, ಮೀನಿನಿಂದ ಸಿಗಬೇಕು. ಅದರ ಕೊರತೆಯಿಂದ ಬೆಕ್ಕುಗಳ ಕಣ್ಣಿನ ಅಕ್ಷಿಪಟ ಹಾಳಾಗುವುದು 1975ರಲ್ಲೂ, ಹೃದಯದ ಸ್ನಾಯು ದುರ್ಬಲವಾಗುವುದು 1987ರಲ್ಲೂ ಗೊತ್ತಾಯಿತು. ಹಾಲು? ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಡೆಗೇ ವಿಜ್ಞಾನದ ಒಲವು. ಮಾಂಸ ಮನೆಯೊಳಗೆ ತರಲಾಗದವರು ಸಿದ್ಧ ಆಹಾರದ ಪೊಟ್ಟಣವನ್ನಾದರೂ ತರಬೇಕು. ಅದೂ ಒಗ್ಗದಿದ್ದರೆ ಮೊಲ ಸಾಕಬಹುದು.

ಸೆಕೆ ಇನ್ನೊಂದು ಕಷ್ಟ. ಬೆಕ್ಕು ಬೆವರುವುದು ಪಾದದ ಅಡಿಯಲ್ಲಿ ಮಾತ್ರ. ತೀರ ಬಿಸಿಯಾದಾಗ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಣಿಸಿಕೊಳ್ಳಬೇಕು. ಉಸಿರಿನ ದಾರಿಯೇ ಇಕ್ಕಟ್ಟಾದ ಪರ್ಷಿಯನ್ನಿಗೆ, ಮೇಲೆ ಕಂಬಳಿ ಹೊದ್ದು, ಕಲಬುರಗಿ ರಾಯಚೂರುಗಳ ಏಪ್ರಿಲ್ ತಿಂಗಳು ಅಪಾಯಕಾರಿ. ಮಂಗಳೂರಿನ ಬೆವರುಸೆಕೆಯೂ ಅದಕ್ಕೆ ಹಿತವಲ್ಲ. ತಂಪು ಕೋಣೆ, ಕಲ್ಲಿನ ನೆಲ, ಫ್ಯಾನು, ಎಲ್ಲ ಕಾಲಕ್ಕೂ ನೀರು ಬೇಕು. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದನ್ನು ತುರ್ತುಸ್ಥಿತಿಯೆಂದೇ ತಿಳಿಯಬೇಕು.

ಒಳಗಿನ ರೋಗವೊಂದನ್ನು ಹೇಳದೆ ಬಿಡುವಂತಿಲ್ಲ. ಮೂತ್ರಪಿಂಡದಲ್ಲಿ ನೀರಿನ ಗುಳ್ಳೆಗಳು ಹುಟ್ಟಿ, ವರ್ಷಗಳ ಕಾಲ ನಿಧಾನವಾಗಿ ಬೆಳೆದು, ಕಡೆಗೆ ಮೂತ್ರಪಿಂಡವನ್ನೇ ನುಂಗಿಹಾಕುವ ಆನುವಂಶಿಕ ರೋಗ ಪರ್ಷಿಯನ್ನಿನಲ್ಲಿದೆ. ಒಂದು ಕಾಲಕ್ಕೆ ಜಗತ್ತಿನ ಪರ್ಷಿಯನ್ ಬೆಕ್ಕುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬೆಕ್ಕುಗಳಿಗೆ ಇದು ಇತ್ತೆಂದು ಅಂದಾಜು. ಇದು ಪ್ರಬಲ ಗುಣ. ತಂದೆತಾಯಿಗಳಲ್ಲಿ ಒಂದಕ್ಕೆ ಇದ್ದರೂ ಮರಿಗಳಲ್ಲಿ ಸರಾಸರಿ ಅರ್ಧಕ್ಕೆ ಬರುತ್ತದೆ. ಕಾರಣವಾದ ವಂಶವಾಹಿಯ ದೋಷ 2004ರಲ್ಲಿ ಸಿಕ್ಕಿದ ಮೇಲೆ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದ ಜೀವಕೋಶಗಳಿಂದಲೇ ಪರೀಕ್ಷೆ ಮಾಡಬಹುದು. ಪರೀಕ್ಷೆ ಮಾಡಿ, ದೋಷವಿರುವ ಬೆಕ್ಕುಗಳಿಂದ ಮರಿ ಪಡೆಯುವುದನ್ನು ನಿಲ್ಲಿಸಿದ ಕಡೆ ರೋಗ ಇಳಿದಿದೆ. ಕೆಡಿಸಿದ ಕೈಯೇ ರಿಪೇರಿಯನ್ನೂ ಮಾಡಬಲ್ಲದು ಎಂದಾಯಿತು. ಮೂಗಿನ ವಿಷಯದಲ್ಲೂ ಅಂಥ ಪ್ರಯತ್ನ ಇದೆ. ಬ್ರಿಟನ್ನಿನ ಬೆಕ್ಕು ಸಂಘಗಳ ಆಡಳಿತ ಮಂಡಳಿ ಪರ್ಷಿಯನ್ನಿನ ಅಳತೆಯಲ್ಲಿ ಒಂದು ಗಡಿ ಹಾಕಿದೆ: ಮೂಗಿನ ಮೇಲಂಚು ಕಣ್ಣಿನ ಕೆಳ ಅಂಚಿಗಿಂತ ಮೇಲಿರಬಾರದು. ಇದ್ದರೆ ಬಹುಮಾನವಿಲ್ಲ. ಬಹುಮಾನದಿಂದ ಹೋದ ಮೂಗು ಬಹುಮಾನದ ನಿಯಮದಿಂದಲೇ ಮರಳಬೇಕಾಗಿದೆ.

ನಮ್ಮಲ್ಲಿ ಮರಿ ಕೊಳ್ಳಲು ಹೋಗುವವರು ಈ ಬ್ರಿಟಿಷ್ ಗೆರೆಯನ್ನೇ ಬಳಸಬಹುದು. ಮರಿಯ ಮುಖದ ಮುಂದೆ ಒಂದು ಪೆನ್ಸಿಲನ್ನು ಅಡ್ಡಲಾಗಿ, ಕಣ್ಣುಗಳ ಕೆಳ ಅಂಚಿಗೆ ಸರಿಯಾಗಿ ಹಿಡಿಯಿರಿ. ಮೂಗು ಪೆನ್ಸಿಲಿನ ಕೆಳಗೆ ಕಾಣಬೇಕು. ಹೊಳ್ಳೆಗಳು ತೆರೆದಿವೆಯೇ, ಮರಿ ಬಾಯಿ ಮುಚ್ಚಿ ನಿಶ್ಶಬ್ದವಾಗಿ ಉಸಿರಾಡುತ್ತದೆಯೇ, ಚೆಂಡು ಉರುಳಿಸಿದರೆ ಓಡುತ್ತದೆಯೇ ನೋಡಿ. ತಂದೆತಾಯಿಗಳ ಮೂತ್ರಪಿಂಡದ ಪರೀಕ್ಷೆಯ ಕಾಗದ ಕೇಳಿ. ಮಾರುವವರು ನಕ್ಕು 'ಇದೆಲ್ಲ ಇಲ್ಲಿ ಯಾರೂ ಕೇಳುವುದಿಲ್ಲ' ಎಂದರೆ ಬರಿಗೈಯಲ್ಲಿ ಮನೆಗೆ ಬನ್ನಿ.

ಉದ್ದ ಕೂದಲಿನ ಮೇಲೆ ಅಷ್ಟು ಆಸೆಯಿದ್ದರೆ ಬೀದಿಯ ಮರಿಗಳ ಮೇಲೂ ಒಂದು ಕಣ್ಣಿರಲಿ. ಆ ಅಪ್ರಬಲ ವಂಶವಾಹಿ ನಮ್ಮ ನಗರಗಳ ಬೀದಿಬೆಕ್ಕುಗಳಲ್ಲೂ ಅಲ್ಲಲ್ಲಿ ಅಡಗಿದೆ. ಯಾರದೋ ಕಾರ್‌ಶೆಡ್ಡಿನ ಮೂಲೆಯಲ್ಲಿ ಗಿಡ್ಡಗೂದಲಿನ ಬೂದುಬಣ್ಣದ ತಾಯಿಗೆ ಹುಟ್ಟಿದ ನಾಲ್ಕು ಮರಿಗಳಲ್ಲಿ ಒಂದು ಪೊದೆಬಾಲದ್ದಾಗಿರುವುದು ಅಪರೂಪವೇನಲ್ಲ. ಅದಕ್ಕೂ ದಿನವೂ ಬಾಚಣಿಗೆ ಬೇಕು, ಲಸಿಕೆ ಬೇಕು, ಮೀನೋ ಮಾಂಸವೋ ಬೇಕು. ಮೂಗು ಮಾತ್ರ ಅದು ಹುಟ್ಟುವಾಗಲೇ ತಂದಿರುತ್ತದೆ.